ಮುನ್ನೂರ ನಲವತ್ತು ಗ್ರಾಂ

ಇದನ್ನು ಹೇಳುವುದನ್ನು ನಾನು ಹನ್ನೊಂದು ವರ್ಷ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಧೈರ್ಯ ಇರಲಿಲ್ಲ. ಆಮೇಲೆ, ಈಗ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ ಎಂಬ ಹೆದರಿಕೆ. ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಇನ್ನು ಹೇಳಿ ಯಾರಿಗೇನು ಎಂದುಕೊಂಡು ಸುಮ್ಮನಾಗಿಬಿಡುತ್ತಿದ್ದೆನೋ ಏನೋ. ಆದರೆ ಅವರ ನೆನಪಿಗೆ ಸೇರಿದ್ದ ಸಭೆಯಲ್ಲಿ ಎಲ್ಲರೂ ಒಂದು ಮಾತಿಗೆ ನಕ್ಕರು. ನಾನೂ ನಕ್ಕೆ. ಆ ನಗು ನನ್ನನ್ನು ಬಿಡುತ್ತಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ದಾವಣಗೆರೆಯಲ್ಲಿ ಹೊಲಿಗೆ ಕಲಿತವನು. ಅಕ್ಕ ಅರ್ಜಿ ಹಾಕಿ ನ್ಯೂಜೆರ್ಸಿಗೆ ಕರೆಸಿಕೊಂಡಳು. ಬಾಸ್ಕಿಂಗ್ ರಿಡ್ಜ್ ಹತ್ತಿರದ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಇಪ್ಪತ್ತಾರು ವರ್ಷ ಕೂತೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಕೋಟಿನ ಒಳಬಟ್ಟೆ ಹಾಕುವುದು, ಇದೇ ಕೆಲಸ.

ಅವರು ಮೊದಲ ಸಲ ಬಂದದ್ದು ಬೆನ್ನಿಗೆ ಹಾಕುವ ಒಂದು ಚೀಲ ಹಿಡಿದುಕೊಂಡು. ಕೌಂಟರಿನ ಮೇಲೆ ಇಟ್ಟು, ಇದರ ಲೇಬಲ್ಲು, ಹೆಚ್ಚಿನ ಪಟ್ಟಿ, ಬೇಡದ ಬಕಲ್ಲು ಎಲ್ಲ ಕತ್ತರಿಸಿಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೊಸ ಚೀಲ. ಕತ್ತರಿ ಹಾಕಲು ನನಗೆ ಮನಸ್ಸಾಗದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. "ಅವ್ವಾ, ಚಾವಿ ಫ್ರಿಜ್ಜಿನಾಗ ಐತಿ ನೋಡು. ಹೂಂ, ನೀನ ಇಟ್ಟೀದಿ" ಎಂದರು. ಫೋನು ಇಟ್ಟ ಮೇಲೆ ನಾನು, "ಗದಗಿನ ಕಡೆಯವರೇನ್ರಿ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾರ ಸುಮ್ನ ಇಂಗ್ಲಿಷ್ ಖರ್ಚು ಮಾಡಿದ್ನಲ್ರಿ ಕಾಕಾ."

ಅಂದಿನಿಂದ ನಾನು ಅವರಿಗೆ ಕಾಕಾ. ವಯಸ್ಸಿನಲ್ಲಿ ಅವರು ನನಗಿಂತ ಏಳೆಂಟು ವರ್ಷ ಚಿಕ್ಕವರು, ಆದರೆ ನನ್ನ ಬಾಯಲ್ಲಿ ಅಕ್ಕಾರೆ ಎಂದೇ ಬಂತು.

ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಅವರಿಗೆ ಕೆಲಸ. ಮಿಲಿಗ್ರಾಮಿನ ಲೆಕ್ಕದಲ್ಲಿ ತೂಕ ನೋಡುವುದು. ಆ ಚಟ ಮನೆಗೂ ಬಂದಿತ್ತು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಅದೂ ತೂಕನ ಅಲ್ಲೇನ್ರಿ" ಎನ್ನುತ್ತಿದ್ದರು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ.

ನಲವತ್ತು ದಾಟಿದ ಮೇಲೆ ಅವರು ಸ್ಕೀ ಕಲಿತರು. ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಜಾರಿಕೊಂಡು ಬರುತ್ತಾರಲ್ಲ, ಅದಲ್ಲ. ಅದನ್ನು ಅವರು "ಜಾತ್ರಿ ತೊಟ್ಟಲ" ಎನ್ನುತ್ತಿದ್ದರು. ಇವರದು ಸ್ಕೀ ಟೂರಿಂಗ್. ಸ್ಕೀ ಹಲಗೆಯ ಅಡಿಗೆ ರೋಮದಂಥ ಪಟ್ಟಿ ಅಂಟಿಸಿಕೊಂಡರೆ ಹಲಗೆ ಹಿಂದಕ್ಕೆ ಜಾರುವುದಿಲ್ಲ. ಹಾಗೆ ನಡೆದುಕೊಂಡೇ ಗುಡ್ಡ ಹತ್ತುವುದು, ಪಟ್ಟಿ ಕಿತ್ತು ಇಳಿಯುವುದು, ಮತ್ತೆ ಹತ್ತುವುದು. ಮೂರು ನಾಲ್ಕು ದಿನ ಹೀಗೆ. ಊಟ, ಹಾಸಿಗೆ, ಒಲೆ ಎಲ್ಲ ಬೆನ್ನ ಮೇಲೆಯೇ. ಹೊರೆ ಹೆಚ್ಚಾದರೆ ಮೊಣಕಾಲು ಹೇಳುತ್ತದೆ.

ಇದರಲ್ಲಿ ನನ್ನಂಥವನನ್ನು ಅವರು ಹೇಗೆ ಎಳೆದರು ಎಂದು ಕೇಳಬಹುದು. ನನ್ನ ಹೆಂಡತಿ ತೀರಿಕೊಂಡ ವರ್ಷ ಅದು. ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು, ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, "ಕಾಕಾ, ಗಾಲ್ಫ್ ಮೈದಾನದಾಗ ಹಿಮ ಬಿದ್ದೈತಿ. ಬಿದ್ರೂ ಪೆಟ್ಟಾಗೂದಿಲ್ಲ, ಬರ್ರಿ" ಎಂದರು. ಅವತ್ತು ಹದಿನೇಳು ಸಲ ಬಿದ್ದೆ. ಅವರು ಎಣಿಸಿದ್ದರು. ಮನೆಗೆ ಬರುವಾಗ, "ಬರೂ ವಾರ ಹತ್ತು ಸಲ ಬಿದ್ರ ಸಾಕು" ಎಂದರು. ಹೆಂಡತಿ ಹೋದ ಮೇಲೆ ಆ ದಿನ ಮೊದಲ ಬಾರಿ ನಾನು ಹೊಟ್ಟೆ ತುಂಬ ಉಂಡೆ.

ಎರಡು ವರ್ಷದಲ್ಲಿ ನಾವು ನಾಲ್ವರಾದೆವು. ಅವರು, ನಾನು, ಹಿಕ್ಸ್‌ವಿಲ್‌ನಿಂದ ಬರುತ್ತಿದ್ದ ಒಬ್ಬ ಡಾಕ್ಟರು, ಜೆರ್ಸಿ ಸಿಟಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ಇಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ. ಡಾಕ್ಟರು ಮೈಸೂರಿನವರು, ತಮಾಷೆಯ ಮನುಷ್ಯ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಹೊರಡುವ ಮುನ್ನ ಗುರುವಾರ ಸಂಜೆ ಅವರ ಗ್ಯಾರೇಜಿನಲ್ಲಿ ತೂಕದ ಪೂಜೆ. ಈ ಹೆಸರು ಡಾಕ್ಟರು ಇಟ್ಟದ್ದು. ತೊಲೆಗೆ ಒಂದು ಕೊಕ್ಕೆಯ ತಕ್ಕಡಿ ನೇತುಹಾಕಿರುತ್ತಿದ್ದರು. ಕಿಲೋದಲ್ಲಿ ತೂಗುವಂಥದು, "ಪೌಂಡಿನಾಗ ತೂಗಿದ್ರ ನನಗ ಭಾರ ತಿಳಿಯೂದಿಲ್ಲ" ಎನ್ನುತ್ತಿದ್ದರು. ಎಲ್ಲರೂ ತಮ್ಮ ಚೀಲದ ಸಾಮಾನನ್ನು ನೆಲದ ಮೇಲೆ ಹರಡಬೇಕು. ಅವರು ಒಂದೊಂದನ್ನೇ ಎತ್ತಿ ಹಿಡಿದು ಕೇಳುವುದು ಒಂದೇ ಪ್ರಶ್ನೆ.

"ಇದು ತಾನಾಗೇ ಬರ್ತೀನಿ ಅಂತೇನು, ನೀವು ಕರಕೊಂಡು ಹೊಂಟೀರೋ?"

ಡಾಕ್ಟರ ಎರಡನೇ ಸ್ವೆಟರು ಹಾಗೆ ಹಿಂದೆ ಉಳಿಯಿತು. ಹುಡುಗಿಯ ಪೌಡರ್ ಡಬ್ಬಿ ಉಳಿಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಗರಗಸದಲ್ಲಿ ಕೊಯ್ಯುತ್ತಿದ್ದರು. ಕಿತ್ತಳೆಯನ್ನು ಮನೆಯಲ್ಲೇ ಸುಲಿದು ತರಬೇಕು. ಅವಲಕ್ಕಿ, ಬೇಳೆ, ಒಣ ತರಕಾರಿ ಸೇರಿಸಿ ತಾವೇ ಪೊಟ್ಟಣ ಕಟ್ಟುತ್ತಿದ್ದರು; ಅದಕ್ಕೆ ಬಿಸಿನೀರು ಹೊಯ್ದರೆ ಊಟ. ಓದುವ ಪುಸ್ತಕದಿಂದ ಆ ಪ್ರಯಾಣಕ್ಕೆ ಬೇಕಾದಷ್ಟು ಹಾಳೆ ಕಿತ್ತು ತರುತ್ತಿದ್ದರು. ಓದಿ ಮುಗಿದ ಹಾಳೆ ನಮಗೆ ಕೊಡುತ್ತಿದ್ದರು. ಹಾಗೆ ನಾನು ಎಷ್ಟೋ ಕಥೆಗಳ ನಡುವಿನ ಭಾಗ ಓದಿದ್ದೇನೆ, ಮೊದಲೂ ಇಲ್ಲ ಕೊನೆಯೂ ಇಲ್ಲ. ಕಾಲುಚೀಲ ಮೂರು ಜೊತೆ: ಒಂದು ನಡೆಯಲಿಕ್ಕೆ, ಒಂದು ಒಣಗಲಿಕ್ಕೆ, ಒಂದು ಮಲಗಲಿಕ್ಕೆ. ಲೋಟ ಒಬ್ಬರಿಗೆ ಒಂದೇ. "ಚಹಾಕ್ಕೂ ಅದ, ಊಟಕ್ಕೂ ಅದ. ಲೋಟಕ್ಕ ಜಾತಿ ಇಲ್ಲ."

ಇಷ್ಟು ಬಿಗಿಯಾದವರು ತಾಯಿಯ ವಿಷಯದಲ್ಲಿ ಬೇರೆ. ತಾಯಿಗೆ ಮರೆವಿನ ಕಾಯಿಲೆ; ಮಗಳು ಗುಡ್ಡಕ್ಕೆ ಹೋದ ದಿನಗಳಲ್ಲಿ ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ದಿನಾ ಬೆಳಿಗ್ಗೆ ತಾಯಿ ಒಂದು ಸೂಟ್‌ಕೇಸ್ ತೆಗೆದು ಗದಗಿಗೆ ಹೊರಡುವ ತಯಾರಿ ನಡೆಸುತ್ತಿದ್ದರು. ಸೀರೆಗಳು, ಲಟ್ಟಣಿಗೆ, ಟಿವಿಯ ರಿಮೋಟು, ಒಮ್ಮೆ ಅರ್ಧ ಕಿಲೋ ಸಕ್ಕರೆ. ಮಗಳು ಒಂದನ್ನೂ ಬೇಡ ಎನ್ನುತ್ತಿರಲಿಲ್ಲ. "ಅದನ್ನೂ ಇಡವ್ವಾ, ಬೇಕಾಕ್ಕೈತಿ" ಎಂದು ತಾವೇ ಜಾಗ ಮಾಡಿಕೊಡುತ್ತಿದ್ದರು. ತಾಯಿ ಊಟ ಮಾಡಿ ಮಲಗಿದ ಮೇಲೆ ಎಲ್ಲವನ್ನೂ ಇದ್ದಲ್ಲಿಗೆ ವಾಪಸು ಇಡುತ್ತಿದ್ದರು. ನಾನು ಒಂದು ಮಧ್ಯಾಹ್ನ ಅಲ್ಲಿದ್ದಾಗ ಸಕ್ಕರೆಯನ್ನು ಡಬ್ಬಿಗೆ ಸುರಿಯುತ್ತ, "ಮೊದಲ ಇಷ್ಟ ಮರೀತಿದ್ದಿಲ್ಲ ಕಾಕಾ. ಚಾವಿ ಎಲ್ಲಿಟ್ಟೆ, ಯಾರ ಕೈಯಾಗ ಕೊಟ್ಟೆ, ಅಷ್ಟ. ಅಲ್ಲಿಂದ ಶುರು ಆತು" ಎಂದರು. ಆ ತಾಯಿ ತೀರಿಕೊಂಡದ್ದು ನಾನು ಹೇಳಹೊರಟಿರುವ ಪ್ರಯಾಣಕ್ಕೆ ಹಿಂದಿನ ಬೇಸಿಗೆಯಲ್ಲಿ. ಇದೆಲ್ಲ ಗೊತ್ತಿದ್ದೇ ನಾನು ಮಾಡಿದ್ದನ್ನು ಮಾಡಿದೆ. ಆದ್ದರಿಂದ ಇದನ್ನು ಮೊದಲೇ ಬರೆದಿದ್ದೇನೆ.

ಆ ವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಉತ್ತರಕ್ಕೆ, ಅಡಿರಾಂಡಾಕ್ ಗುಡ್ಡಗಳಿಗೆ, ನಾಲ್ಕು ದಿನದ ಪ್ರಯಾಣ. ಅದು ಚೆನ್ನಾಗಿ ಮುಗಿದರೆ ಮುಂದಿನ ವರ್ಷ ಪಶ್ಚಿಮದ ದೊಡ್ಡ ಪರ್ವತಗಳಲ್ಲಿ ಎಂಟು ದಿನ, ಹತ್ತು ಮಂದಿ ಕನ್ನಡದ ಹೆಂಗಸರನ್ನು ತಾವೇ ಮುಂದೆ ನಿಂತು ಕರೆದೊಯ್ಯಬೇಕೆಂದು ಅವರ ಆಸೆ. ನಕ್ಷೆ ಗ್ಯಾರೇಜಿನ ಗೋಡೆಗೆ ಆಗಲೇ ಅಂಟಿಸಿತ್ತು.

ಗುರುವಾರದ ತೂಕದಲ್ಲಿ ನನ್ನ ಚೀಲ ಒಂಬತ್ತು ಕಿಲೋ ಇನ್ನೂರು ಗ್ರಾಂ. ಅದರಲ್ಲಿ ಎಲ್ಲರಿಗೂ ಸೇರಿದ ಒಂದು ವಸ್ತು ಇತ್ತು. ರಿಪೇರಿ ಚೀಲ. ಒಂದು ಸ್ಕ್ರೂಡ್ರೈವರು, ಚಿಕ್ಕ ಇಕ್ಕಳ, ತಂತಿ, ಸ್ಕ್ರೂಗಳು, ಅಂಟು, ಗಟ್ಟಿ ಟೇಪು. ಅವರು ಅದನ್ನು ಎರಡೂ ಕೈಯಿಂದ ನನ್ನ ಕೈಯಲ್ಲಿಟ್ಟು, "ಹೊಲಿಗಿಯವರ ಕೈಯಾಗ ಇದ್ರ ಚಲೋ. ಮುನ್ನೂರ ನಲವತ್ತು ಗ್ರಾಂ. ಇದರ ಮ್ಯಾಲ ನಮ್ಮ ನಾಲ್ಕೂ ಮಂದಿ ಭಾರ ಐತಿ" ಎಂದರು. ಡಾಕ್ಟರು ಆಗ ಹೊರಗೆ ಕಾರಿನ ಹತ್ತಿರ ಇದ್ದರು. ಹುಡುಗಿ ಫೋನಿನಲ್ಲಿದ್ದಳು. ನೋಡಿದವರು ಯಾರೂ ಇಲ್ಲ.

ಮನೆಗೆ ಹೋಗಿ ಯೋಚನೆ ಹತ್ತಿತು. ನಗುವವರು ನಗಲಿ, ಇದ್ದದ್ದನ್ನು ಹೇಳುತ್ತೇನೆ. ಒಂದೆರಡು ದಿನದ ಪ್ರಯಾಣಗಳಲ್ಲಿ ನಾನು ಹೇಗೋ ತಡೆದುಕೊಂಡು ಬಂದಿದ್ದೆ. ನಾಲ್ಕು ದಿನ ಆಗುವುದಿಲ್ಲ. ಹೊರಕಡೆಗೆ ಹೋದರೆ ತೊಳೆದುಕೊಳ್ಳುವುದು ಯಾವುದರಲ್ಲಿ? ಚಹಾ ಕುಡಿಯುವ ಲೋಟದಲ್ಲೇ? ಕಾಗದ ನನಗೆ ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಒಗ್ಗಿರಲಿಲ್ಲ. ಕೇಳೋಣವೆಂದರೆ ಮುಂದಾಳು ಹೆಂಗಸು. ಡಾಕ್ಟರನ್ನು ಕೇಳಿದರೆ ಆಯುಷ್ಯವಿಡೀ ಅದನ್ನೇ ಹೇಳಿಕೊಂಡು ನಗುತ್ತಾರೆ. ಮನೆಯಲ್ಲಿ ಒಂದು ಸ್ಟೀಲಿನ ತಂಬಿಗೆ ಇತ್ತು, ಹೆಂಡತಿ ಊರಿನಿಂದ ತಂದದ್ದು. ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ಮುನ್ನೂರ ಮೂವತ್ತು ಚಿಲ್ಲರೆ.

ಹೊರಡುವ ಬೆಳಿಗ್ಗೆ ಅವರು ಮತ್ತೊಮ್ಮೆ ತೂಗುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಚೀಲದಲ್ಲಿ ಬಿಡಬಹುದಾದದ್ದನ್ನೆಲ್ಲ ಅವರು ಆಗಲೇ ಬಿಡಿಸಿದ್ದರು. ಅಷ್ಟೇ ತೂಕದ್ದು ಉಳಿದಿದ್ದು ಒಂದೇ. ನಾಲ್ಕು ದಿನದಲ್ಲಿ ಏನು ಮುರಿಯುತ್ತದೆ, ಎರಡು ವರ್ಷದಲ್ಲಿ ಒಮ್ಮೆಯೂ ಅದನ್ನು ಬಿಚ್ಚಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಂಬಿಗೆಯನ್ನು ಉಣ್ಣೆಯ ಅಂಗಿಯಲ್ಲಿ ಸುತ್ತಿ ನಡುವೆ ಇಟ್ಟೆ. ರಿಪೇರಿ ಚೀಲವನ್ನು ಕಾರಿನ ಹಿಂಬದಿಯ ಡಿಕ್ಕಿಯಲ್ಲಿ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಅವರು ಮತ್ತೊಮ್ಮೆ ಎಲ್ಲ ಚೀಲ ತೂಗಿದರು. ನನ್ನದು ಅದೇ ಒಂಬತ್ತು ಇನ್ನೂರು. "ಶಾಭಾಸ್ ಕಾಕಾ, ಒಂದು ಗ್ರಾಂ ಅತ್ಲಾಗಿಲ್ಲ ಇತ್ಲಾಗಿಲ್ಲ" ಎಂದರು. ಆಗಲಾದರೂ ಕಾರಿನಿಂದ ತಂದುಬಿಡಬಹುದಿತ್ತು. ಆ ಶಾಭಾಸ್ ನನ್ನ ಕಾಲು ಕಟ್ಟಿಹಾಕಿತು. ನನ್ನ ಕಾರನ್ನು ಅವರ ಮನೆಯ ಮುಂದೆಯೇ ಬಿಟ್ಟು ಡಾಕ್ಟರ ದೊಡ್ಡ ಗಾಡಿಯಲ್ಲಿ ಹೊರಟೆವು.

ಮೊದಲ ದಿನ ಚೆನ್ನಾಗಿತ್ತು. ಮರದ ಒಂದು ಪುಟ್ಟ ಗುಡಿಸಲಿನಲ್ಲಿ ತಂಗಿದೆವು. ಅಲ್ಲಿ ನೀರೆಂದರೆ ಹಿಮ ಕರಗಿಸಿದ್ದು. ಒಂದು ಪಾತ್ರೆ ಹಿಮ ಕಾಯಿಸಿದರೆ ತಳದಲ್ಲಿ ಇಷ್ಟು ನೀರು, ಅದಕ್ಕೆ ಎಷ್ಟೋ ಇಂಧನ. ಅದರಲ್ಲಿ ಒಂದು ತಂಬಿಗೆ ನನಗೆ ಬೇಕು ಎಂದು ಯಾವ ಬಾಯಿಂದ ಕೇಳಲಿ? ಬೆಳಿಗ್ಗೆ ನಾನು ಅತ್ತ ಇತ್ತ ಓಡಾಡುವುದನ್ನು ನೋಡಿ ಡಾಕ್ಟರು, "ಅಂಕಲ್, ಸುತ್ತ ಇಷ್ಟು ಹಿಮ ಇದೆ, ಉಂಡೆ ಮಾಡ್ಕೊಳ್ಳಿ. ಒಂದ್ಸಲ ಕೂಗ್ಕೋತೀರಾ ಅಷ್ಟೆ, ಆಮೇಲೆ ಅಭ್ಯಾಸ ಆಗುತ್ತೆ" ಎಂದರು. ಹಾಗೇ ಮಾಡಿದೆ. ಹಾಗೇ ಆಯಿತು. ಆ ತಂಬಿಗೆಯನ್ನು ನಾನು ಒಮ್ಮೆಯೂ ಹೊರಗೆ ತೆಗೆಯಲಿಲ್ಲ.

ಎರಡನೇ ದಿನ ನಡುಮಧ್ಯಾಹ್ನ, ಒಂದು ಏರಿನ ಮೇಲೆ, ಅವರ ಬಲಗಾಲಿನ ಬೂಟನ್ನು ಹಲಗೆಗೆ ಹಿಡಿದಿಡುವ ಕಬ್ಬಿಣ ಸ್ಕ್ರೂ ಸಮೇತ ಕಿತ್ತು ಬಂತು. ಅವರು ಗಾಬರಿಯಾಗಲಿಲ್ಲ. ಹಿಮದ ಮೇಲೆ ಕೂತು ಕೈ ಚಾಚಿದರು.

"ಕಾಕಾ, ರಿಪೇರಿ ಚೀಲ ತಗೀರಿ. ಹತ್ತು ನಿಮಿಷದ ಕೆಲಸ."

ನಾನು ಚೀಲ ಇಳಿಸಿದೆ. ಬಾಯಿ ಬಿಚ್ಚಿದೆ. ಕೈ ಹಾಕಿ ಹುಡುಕಿದೆ. ತಂಬಿಗೆ ಕೈಗೆ ತಣ್ಣಗೆ ತಾಗಿತು. ಆಮೇಲೆ ತಲೆ ಎತ್ತದೆ ಹೇಳಿದೆ:

"ನನಗೆ ಕೊಟ್ಟೇ ಇಲ್ಲವಲ್ಲ ಅಕ್ಕಾರೆ."

ಕನ್ನಡದಲ್ಲಿ ಹಗುರ ಎಂಬ ಮಾತು ಎರಡು ಕಡೆ ಸಲ್ಲುತ್ತದೆ. ಹೊರೆ ಹಗುರ ಎನ್ನುತ್ತೇವೆ, ಒಬ್ಬರನ್ನು ಹಗುರ ಮಾಡಬೇಡ ಎಂದೂ ಎನ್ನುತ್ತೇವೆ. ಅವರು ನನಗೆ ಎರಡು ವರ್ಷ ಮೊದಲನೆಯದನ್ನು ಕಲಿಸಿದ್ದರು. ನಾನು ಒಂದು ಮಾತಿನಲ್ಲಿ ಎರಡನೆಯದನ್ನು ಮಾಡಿಬಿಟ್ಟೆ.

"ಕೊಟ್ಟೇನ್ರೀ. ಗುರುವಾರ. ನಿಮ್ಮ ಕೈಯಾಗ ಇಟ್ಟೇನಿ," ಎಂದರು. ಆಮೇಲೆ ಧ್ವನಿ ಸ್ವಲ್ಪ ಸಣ್ಣದಾಯಿತು. "ಇಟ್ಟೇನೇನು?"

"ಇಲ್ಲ" ಎಂದೆ.

"ನಾನು ನೋಡಿಲ್ಲ ಮೇಡಂ" ಎಂದರು ಡಾಕ್ಟರು. ಹುಡುಗಿ, "ಇಟ್ಸ್ ಓಕೆ ಆಂಟಿ, ಇಟ್ ಹ್ಯಾಪನ್ಸ್" ಎಂದಳು.

ಅವರು ನನ್ನ ಮುಖ ನೋಡಲಿಲ್ಲ. ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಕೊಟ್ಟ ಕೈಗಳಲ್ಲಿ ಗುರುತೇನಾದರೂ ಉಳಿದಿದೆಯೋ ಎಂದು ಹುಡುಕುವವರ ಹಾಗೆ.

"ಹಂಗಾರ ತಪ್ಪು ನಂದ," ಎಂದರು. "ತಿರುಗೋಣು."

ಪ್ರಯಾಣ ಅಲ್ಲಿಗೆ ಮುಗಿಯಿತು. ಚೀಲದ ಪಟ್ಟಿಯೊಂದನ್ನು ಕೊಯ್ದು ಬೂಟನ್ನು ಹಲಗೆಗೆ ಕಟ್ಟಿ ನೋಡಿದರು. ಐವತ್ತು ಹೆಜ್ಜೆಗೆ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಹಲಗೆಗಳನ್ನು ಬೆನ್ನಿಗೆ ಹಾಕಿಕೊಂಡು ನಡೆದರು. ನಾವು ಹಿಮದ ಮೇಲೆ ತೇಲುತ್ತ ಹೋಗುತ್ತಿದ್ದರೆ ಅವರು ಒಂದೊಂದು ಹೆಜ್ಜೆಗೂ ಮೊಣಕಾಲವರೆಗೆ ಹೂತು ಏಳುತ್ತಿದ್ದರು. ಗುಡಿಸಲು ಮುಟ್ಟುವಾಗ ಅಂದು ರಾತ್ರಿಯಾಗಿತ್ತು, ಅಲ್ಲಿಂದ ರಸ್ತೆಯವರೆಗೆ ಮರುದಿನ ಪೂರ್ತಿ. ಒಮ್ಮೆಯೂ ಅಯ್ಯೋ ಅನ್ನಲಿಲ್ಲ. ನಾನು ಅವರ ಹಿಂದೆಯೇ ಇದ್ದೆ. ಅವರು ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು. ಗುರುವಾರ ಮಾಡಿದ ಕೆಲಸಗಳನ್ನು ಒಂದೊಂದಾಗಿ, ಮೊದಲಿನಿಂದ, ಲೆಕ್ಕ ಒಪ್ಪಿಸುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಸುಳ್ಳುಗಾರ. ನಿಲ್ಲಿಸಲಿಲ್ಲ. ಸೋಮವಾರ ಮಧ್ಯಾಹ್ನ ಅವರ ಮನೆ ಮುಟ್ಟಿದೆವು. ಉಳಿದವರು ಸಾಮಾನು ಇಳಿಸುತ್ತಿದ್ದಾಗ ನಾನು ನನ್ನ ಕಾರಿನ ಡಿಕ್ಕಿ ತೆಗೆದು ರಿಪೇರಿ ಚೀಲವನ್ನು ಕೋಟಿನೊಳಗೆ ಸೇರಿಸಿಕೊಂಡೆ. ಗ್ಯಾರೇಜಿನ ಕಪಾಟಿನಲ್ಲಿ, ಸ್ಕೀ ಹಲಗೆಗೆ ಹಚ್ಚುವ ಮೇಣದ ಡಬ್ಬಿಗಳ ಹಿಂದೆ ಅದನ್ನು ಇಟ್ಟೆ. ಐದು ನಿಮಿಷಕ್ಕೆ ಅವರೇ ಬಂದು ಹುಡುಕತೊಡಗಿದರು. ಸಿಕ್ಕಿತು.

ಅದರ ಬಾಯಿ ಬಿಚ್ಚಿ ಒಳಗಿನ ಸಾಮಾನನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ನಮ್ಮೆಲ್ಲರ ಎದುರಿಗೆ ಎತ್ತಿ ತೋರಿಸಿ ನಕ್ಕರು. "ನೋಡ್ರಿ, ಇಲ್ಲೇ ಕುಂತೈತಿ. ಕಾಕಾ, ನಿಮ್ಮ ಮ್ಯಾಲ ಸಂಶೆ ಪಟ್ಟೆ, ತಪ್ಪಾತು."

ಅವರು ನನ್ನ ಕ್ಷಮೆ ಕೇಳಿದರು. ನಾನು "ಇರಲಿ ಬಿಡ್ರಿ" ಎಂದೆ.

ಪಶ್ಚಿಮದ ಪ್ರಯಾಣದ ನಕ್ಷೆಯನ್ನು ಅವರೇ ಗೋಡೆಯಿಂದ ತೆಗೆದರು. ಹತ್ತು ಮಂದಿಯ ಜೀವ ತಮ್ಮ ತಲೆಯ ಮೇಲೆ ಬೇಡ ಎಂದರಂತೆ. ಮುಂದಿನ ಚಳಿಗಾಲದಿಂದ ಡಾಕ್ಟರು ಮುಂದೆ, ಅವರು ಎಲ್ಲರಿಗಿಂತ ಹಿಂದೆ. ಎಲ್ಲರಿಗೂ ಸೇರಿದ ಸಾಮಾನು ಯಾವುದನ್ನೂ ಮುಟ್ಟುತ್ತಿರಲಿಲ್ಲ. "ನನ್ನ ಕೈಯಾಗ ಕೊಡಬ್ಯಾಡ್ರಿ" ಎನ್ನುತ್ತಿದ್ದರು. ತೂಕದ ಪೂಜೆ ನಿಂತಿತು.

ಅದೇ ವರ್ಷ ಒಂದು ದಿನ ಅಂಗಡಿಗೆ ಬಂದರು. ಜಾಕೀಟು ಕೊಟ್ಟು ಎದೆಯ ಒಳಬದಿ ತೋರಿಸಿದರು.

"ಇಲ್ಲೊಂದು ಕಿಸೆ ಹಚ್ಚಿಕೊಡ್ರಿ ಕಾಕಾ. ಸಣ್ಣ ನೋಟಬುಕ್ ಹಿಡಿಸೂ ಅಷ್ಟು."

ಜೀವನವಿಡೀ ಕಿಸೆ, ಪಟ್ಟಿ, ಲೇಬಲ್ಲು ಕತ್ತರಿಸಿ ತೆಗೆಸಿದವರು ಅವರು. ಕಿಸೆ ಸೇರಿಸಿ ಎಂದದ್ದು ಅದೇ ಮೊದಲು. ಯಾಕೆಂದು ಕೇಳಿದೆ.

"ಏನು ಮಾಡಿದೆ, ಯಾರಿಗೆ ಏನು ಕೊಟ್ಟೆ, ಬರಕೋಬೇಕು. ತಲಿ ಮ್ಯಾಲ ಈಗ ನಂಬಿಕಿ ಇಲ್ಲ. ದವಾಖಾನಿಗೆ ಹೋಗಿದ್ದೆ, ಎಲ್ಲಾ ಟೆಸ್ಟ್ ಮಾಡಿದ್ರು. ನಾರ್ಮಲ್ ಅಂದ್ರು." ಜಾಕೀಟನ್ನು ನನ್ನ ಕಡೆ ಸರಿಸುತ್ತ ಹೇಳಿದರು: "ಅವ್ವಂದೂ ಮೊದಲನೇ ವರ್ಷ ನಾರ್ಮಲ್ಲ ಇತ್ತು."

ಅಂಗಡಿಯಲ್ಲಿ ನಾವಿಬ್ಬರೇ. ಅವಕಾಶ ಎಂದರೆ ಅದು. ಬಾಯಿ ತೆರೆದೆ ಕೂಡ. ಬಂದ ಮಾತು, "ಜಿಪ್ಪು ಬೇಕಾ, ಗುಂಡಿ ಸಾಕಾ?"

"ಗುಂಡಿ ಸಾಕು. ಜಿಪ್ಪು ತೂಕ" ಎಂದರು, ಹಳೆಯ ಅಭ್ಯಾಸದಿಂದ.

ಆ ಕಿಸೆಗೆ ಎರಡೆರಡು ಹೊಲಿಗೆ ಹಾಕಿದೆ. ಒಳ್ಳೆಯ ದಾರ ಹಾಕಿದೆ. ಅವರು ತೀರಿಕೊಳ್ಳುವವರೆಗೂ ಆ ಜಾಕೀಟು ತೊಟ್ಟಿದ್ದರು, ಹೊಲಿಗೆ ಬಿಚ್ಚಲಿಲ್ಲ. ಹೋದದ್ದು ಹೃದಯದ ತೊಂದರೆಯಿಂದ. ಬುದ್ಧಿ ಕೊನೆಯ ದಿನದವರೆಗೂ ಚೂರಿಯ ಹಾಗಿತ್ತು ಎಂದು ಆಸ್ಪತ್ರೆಗೆ ಹೋಗಿದ್ದ ಹುಡುಗಿ ಹೇಳಿದಳು. ನರ್ಸಿಗೆ ಅವರೇ ಮಾತ್ರೆಯ ಲೆಕ್ಕ ತಿದ್ದಿದರಂತೆ. ತಿದ್ದಿದ ಮೇಲೂ ನೋಟ್‌ಬುಕ್ ತೆಗೆದು, ಸರಿಯೋ ಎಂದು ನೋಡಿಕೊಂಡರಂತೆ.

ಸಭೆಯಲ್ಲಿ ಡಾಕ್ಟರು ಮಾತಾಡಿದರು. ಕಣ್ಣಲ್ಲಿ ನೀರಿತ್ತು. "ಮೇಡಂ ಹಲ್ಲುಜ್ಜೋ ಬ್ರಷ್ ಕೂಡ ಕೊಯ್ದು ತರ್ತಿದ್ರು. ಅಂಥವರು ಒಂದ್ಸಲ ರಿಪೇರಿ ಕಿಟ್ಟನ್ನೇ ಗ್ಯಾರೇಜಲ್ಲಿ ಬಿಟ್ಟು ಬಂದ್ರು ನೋಡಿ. ಹಗುರ ಮಾಡಿ ಹಗುರ ಮಾಡಿ, ಅದನ್ನೂ ಹಗುರ ಮಾಡಿಬಿಟ್ರು." ಎಲ್ಲರೂ ಅಳುತ್ತಳುತ್ತಲೇ ನಕ್ಕರು. ಪ್ರೀತಿಯಿಂದಲೇ. ಅವರ ಬಗ್ಗೆ ಇನ್ನು ಮುಂದೆ ಎಲ್ಲರೂ ಹೇಳುವ ಕಥೆ ಅದೇ ಎಂದು ಆಗ ನನಗೆ ಗೊತ್ತಾಯಿತು. ಅವರು ಮಾಡದೇ ಇದ್ದ ಒಂದು ತಪ್ಪು, ಅವರ ಗುರುತಾಗಿ ಉಳಿಯುತ್ತದೆ.

ಡಾಕ್ಟರೇ, ಮಗಳೇ, ನೀವಿಬ್ಬರೂ ಇದನ್ನು ಓದುತ್ತೀರಿ. ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ. ತಂಬಿಗೆಯ ವಿಷಯ ಹೇಳಿಕೊಂಡು ನಗುವುದಾದರೆ ನಗಿ. ಆದರೆ ಆ ಕಥೆಯನ್ನು ಇನ್ನೊಮ್ಮೆ ಹಾಗೆ ಹೇಳಬೇಡಿ.

ಇಷ್ಟು ಬರೆದರೂ ಅವರ ಹೆಸರು ಬರೆಯಲಿಲ್ಲ. ನಾನು ಯಾರೆಂದು ತಿಳಿಯದಿರಲಿ ಎಂಬ ಆಸೆ ಇನ್ನೂ ಒಳಗಿತ್ತು. ಹೆಸರು ಬಿಟ್ಟು ಈ ಬರಹ ಕಳಿಸಿದರೆ, ಇರಬೇಕಾದದ್ದನ್ನು ತೆಗೆದು ಡಿಕ್ಕಿಯಲ್ಲಿಟ್ಟು ಮತ್ತೊಮ್ಮೆ ಹೊರಟ ಹಾಗೆ.

ನೀವು ಮರೆತಿರಲಿಲ್ಲ. ಗುರುವಾರ ಸಂಜೆ, ಎರಡೂ ಕೈಯಿಂದ, ನನ್ನ ಕೈಗೇ ಕೊಟ್ಟಿದ್ದಿರಿ, ಕಸ್ತೂರಿ ಅಕ್ಕಾರೆ.